ಬೀಟ್‌ರೂಟ್ ಜ್ಯೂಸ್ ಕುಡಿದರೆ ಶುಗರ್ ಇರುವವರ ರಕ್ತನಾಳ ತೆರೆದುಕೊಳ್ಳುತ್ತದೆಯೇ?

‘ಖಾಲಿ ಹೊಟ್ಟೆಗೆ ಒಂದು ಲೋಟ ಬೀಟ್‌ರೂಟ್ ಜ್ಯೂಸ್ ಕುಡಿಯಿರಿ, ನೈಟ್ರಿಕ್ ಆಕ್ಸೈಡ್ ಹೆಚ್ಚಾಗಿ ಮುಚ್ಚಿದ ರಕ್ತನಾಳ ತೆರೆದುಕೊಳ್ಳುತ್ತದೆ, ಮಾತ್ರೆ ಬೇಕಿಲ್ಲ.’ ಮಧುಮೇಹಿಗಳಿಗೆಂದು ಹೀಗೆ ಹೇಳುವ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತು ನಿಜ. ಅದಕ್ಕೇ ನಂಬುವವರು ಹೆಚ್ಚು.

ನಿಜವಾದ ಭಾಗವನ್ನು ಮೊದಲು ನೋಡೋಣ. ನಮ್ಮ ರಕ್ತನಾಳಗಳ ಒಳಗೋಡೆಗೆ ಒಂದೇ ಸಾಲು ಜೀವಕೋಶಗಳ ತೆಳು ಪದರವಿದೆ. ಮೊಲದ ರಕ್ತನಾಳದಲ್ಲಿ ಈ ಪದರವನ್ನು ಉಜ್ಜಿ ತೆಗೆದರೆ, ಔಷಧ ಹಾಕಿದರೂ ನಾಳ ಸಡಿಲವಾಗುವುದಿಲ್ಲ ಎಂದು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ತೋರಿಸಿದರು. ‘ಸಡಿಲವಾಗು’ ಎಂದು ನಾಳದ ಸ್ನಾಯುವಿಗೆ ಹೇಳುವುದು ಆ ಪದರದಿಂದ ಹೊರಡುವ ನೈಟ್ರಿಕ್ ಆಕ್ಸೈಡ್ ಅನಿಲ ಎಂಬುದು ಆಮೇಲೆ ತಿಳಿಯಿತು. 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಎದೆನೋವಿಗೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ.

ಸಕ್ಕರೆ ಬಹುಕಾಲ ಏರಿಯೇ ಇದ್ದರೆ ಆ ಪದರದಲ್ಲಿ ಸೂಪರ್‌ಆಕ್ಸೈಡ್ ಎಂಬ ಹಾನಿಕಾರಕ ಕಣ ಹೆಚ್ಚುತ್ತದೆ. ನೈಟ್ರಿಕ್ ಆಕ್ಸೈಡ್ ಹುಟ್ಟುತ್ತಿದ್ದಂತೆ ಅದು ಕೆಡಿಸಿಬಿಡುತ್ತದೆ. ಸಾಲದ್ದಕ್ಕೆ, ನೈಟ್ರಿಕ್ ಆಕ್ಸೈಡ್ ತಯಾರಿಸಬೇಕಾದ ಕಿಣ್ವವೇ ಹಳಿ ತಪ್ಪಿ ಸೂಪರ್‌ಆಕ್ಸೈಡ್ ತಯಾರಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ನಾಳಗಳು ಬಿಗಿಯಾಗುತ್ತವೆ, ಹೃದಯ, ಮೂತ್ರಪಿಂಡ, ಕಣ್ಣು, ಪಾದ ಎಲ್ಲಕ್ಕೂ ಪೆಟ್ಟು.

ಇನ್ನು ಜ್ಯೂಸ್. ಬೀಟ್‌ರೂಟ್‌ನಲ್ಲಿರುವ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ದೇಹ ಅದರಿಂದ ನೈಟ್ರಿಕ್ ಆಕ್ಸೈಡ್ ಪಡೆಯುತ್ತದೆ. ಆರೋಗ್ಯವಂತರಲ್ಲಿ ಕೆಲವು ಗಂಟೆ ಬಿಪಿ ಇಳಿದದ್ದೂ ಹೌದು. ಆದರೆ ಬ್ರಿಟನ್ನಿನಲ್ಲಿ ಟೈಪ್ 2 ಮಧುಮೇಹವಿರುವ 27 ಮಂದಿಗೆ ಎರಡು ವಾರ ದಿನಕ್ಕೆ 250 ಮಿ.ಲೀ. ಜ್ಯೂಸ್ ಕೊಟ್ಟು ನೋಡಿದರು. ರಕ್ತದಲ್ಲಿ ನೈಟ್ರೈಟ್ ಏರಿತು, ಬಿಪಿ ಇಳಿಯಲಿಲ್ಲ, ರಕ್ತನಾಳದ ಕೆಲಸವೂ ಸುಧಾರಿಸಲಿಲ್ಲ. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ನಿಜ. ಆದರೂ ಫಾರ್ವರ್ಡ್ ಮಾಡುವವರ ಬಳಿ ಅಷ್ಟೂ ಇರುವುದಿಲ್ಲ.

‘ಮುಚ್ಚಿದ ನಾಳ ತೆರೆಯುತ್ತದೆ’ ಎಂಬುದಂತೂ ತಪ್ಪು. ನೈಟ್ರಿಕ್ ಆಕ್ಸೈಡ್ ಸ್ನಾಯುವನ್ನು ಸಡಿಲಿಸಬಲ್ಲದು. ಗಟ್ಟಿಯಾಗಿ ಕೂತ ಕೊಬ್ಬನ್ನು ಕರಗಿಸಲಾರದು. ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ, ಅಂದರೆ ನೈಟ್ರಿಕ್ ಆಕ್ಸೈಡನ್ನು ಕೆಡಿಸುವ ಕಾರಣವೇ ಬಲವಾಗುತ್ತದೆ. ಸೋಸಿದ ಜ್ಯೂಸಿನಲ್ಲಿ ನಾರು ಹೋಗಿ ಸಕ್ಕರೆ ಉಳಿದಿರುತ್ತದೆ, ಅದು ಬೇರೆ.

ಇದೇ ಹೆಸರಿನಲ್ಲಿ ಮಾರುವ ಆರ್ಜಿನೈನ್ ಪುಡಿಯ ಬಗ್ಗೆ ನಮಗೆ ಇನ್ನೂ ಹೆಚ್ಚು ಆತಂಕ. ಹೃದಯಾಘಾತವಾದ 153 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಆರ್ಜಿನೈನ್ ಪಡೆದವರಲ್ಲಿ ಆರು ಮಂದಿ ತೀರಿಕೊಂಡರು, ಪಡೆಯದವರಲ್ಲಿ ಒಬ್ಬರೂ ಇಲ್ಲ. ಹೊಸಬರನ್ನು ಸೇರಿಸುವುದನ್ನೇ ನಿಲ್ಲಿಸಬೇಕಾಯಿತು. ಫಲಿತಾಂಶ ಹೊರಬಂದದ್ದು 2006ರಲ್ಲಿ; ಪುಡಿ ಈಗಲೂ ಮಾರಾಟವಾಗುತ್ತಿದೆ.

ನೈಟ್ರಿಕ್ ಆಕ್ಸೈಡ್ ಹೆಚ್ಚಿಸಲು ಖರ್ಚಿಲ್ಲದ ದಾರಿ ನಡಿಗೆ. ಬಿರುಸಾಗಿ ಹರಿಯುವ ರಕ್ತ ಒಳಪದರವನ್ನು ಉಜ್ಜಿದಾಗ ಅದು ತಾನಾಗಿ ಹೊರಬರುತ್ತದೆ. ಬೀಡಿ, ಸಿಗರೇಟು ಅದನ್ನು ಕುಗ್ಗಿಸುತ್ತವೆ. ಬೀಟ್‌ರೂಟ್ ಪಲ್ಯ ಊಟದ ಜೊತೆ ಮಿತವಾಗಿ ತಿನ್ನಬಹುದು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.