ನಿಮಗಿದು ಗೊತ್ತೇ? ಕೊಟ್ಟ ಅನುಮತಿ ತಾನಾಗಿ ವಾಪಸ್ ಬರುವುದಿಲ್ಲ

ಫೋನಿನಿಂದ ಆ್ಯಪ್ ತೆಗೆದುಹಾಕಿದರೂ ಅದಕ್ಕೆ ಕೊಟ್ಟಿದ್ದ ಅನುಮತಿ ಹಾಗೇ ಉಳಿಯಬಹುದು. ಗೂಗಲ್ ಖಾತೆಯ ಡ್ರೈವ್, ಕಾಂಟ್ಯಾಕ್ಟ್ ನೋಡಲು ನೀವು ‘ಅಲೋ’ ಒತ್ತಿದ ದಿನ ಆ ಕಂಪನಿಗೆ ಒಂದು ಟೋಕನ್ ಸಿಕ್ಕಿರುತ್ತದೆ. ಆ್ಯಪ್ ಇದ್ದದ್ದು ನಿಮ್ಮ ಫೋನಿನಲ್ಲಿ, ಟೋಕನ್ ಇರುವುದು ಅವರ ಸರ್ವರ್‌ನಲ್ಲಿ. ಅದನ್ನು ರದ್ದು ಮಾಡುವುದು ಬೇರೆಯದೇ ಕೆಲಸ.

ಟೋಕನ್ ಅಂದರೆ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು, ಅಷ್ಟೇ. ಹೆಚ್ಚಿನವು ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಬಸ್ಸಿನ ಟಿಕೆಟ್ಟಿನ ಹಾಗೆ: ಹೆಸರು ಬರೆದಿರುವುದಿಲ್ಲ, ಯಾರ ಕೈಯಲ್ಲಿದೆಯೋ ಅವರೇ ಹಕ್ಕುದಾರರು. ಕದ್ದವರ ಕೈಗೆ ಸಿಕ್ಕರೂ ಅದು ಕೆಲಸ ಮಾಡುತ್ತದೆ. ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಟೋಕನ್‌ಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತವೆ. ಆಕ್ಸೆಸ್ ಟೋಕನ್ ಅಲ್ಪಾಯುಷಿ. ಗೂಗಲ್‌ನಲ್ಲಿ ಸಾಮಾನ್ಯವಾಗಿ 3,600 ಸೆಕೆಂಡ್, ಅಂದರೆ ಒಂದು ಗಂಟೆ. ರಿಫ್ರೆಶ್ ಟೋಕನ್ ದೀರ್ಘಾಯುಷಿ. ಹಳೆಯದು ಮುಗಿದಂತೆಲ್ಲ ಹೊಸ ಆಕ್ಸೆಸ್ ಟೋಕನ್ ತಂದುಕೊಡುವುದೇ ಅದರ ಕೆಲಸ. ಗೂಗಲ್‌ನ ರಿಫ್ರೆಶ್ ಟೋಕನ್ ಆರು ತಿಂಗಳು ಬಳಕೆಯಾಗದೆ ಬಿದ್ದಿದ್ದರೆ ಸತ್ತುಹೋಗುತ್ತದೆ.

ಬಾದನಹಟ್ಟಿಯ ಹುಡುಗಿಯೊಬ್ಬಳು ಕಂಪ್ಯೂಟರ್ ಸೆಂಟರಿನಲ್ಲಿ ಕೂತು ಡಿಜಿಲಾಕರ್‌ನಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಬೇರೊಂದು ಸಂಸ್ಥೆಗೆ ಕಳಿಸುತ್ತಾಳೆ ಅನ್ನಿ. ಒಟಿಪಿ ಬರುವುದು ಹೊಲದಲ್ಲಿರುವ ಅಪ್ಪನ ಫೋನಿಗೆ. ಅಪ್ಪ ಓದಿ ಹೇಳಬೇಕು, ಇವಳು ಒತ್ತಬೇಕು, ಹಿಂದೆ ನಾಲ್ಕು ಜನ ಕಾಯುತ್ತಿರುತ್ತಾರೆ. ಆ ಅವಸರದಲ್ಲಿ ಒಪ್ಪಿಗೆ ಪರದೆಯಲ್ಲಿ ಏನು ಬರೆದಿದೆ ಎಂದು ಯಾರು ನೋಡುತ್ತಾರೆ? ಯಾವ ದಾಖಲೆ, ಯಾವ ಉದ್ದೇಶಕ್ಕೆ, ಯಾವ ತಾರೀಖಿನವರೆಗೆ ಎಂದು ಅಲ್ಲೇ ಇರುತ್ತದೆ. ತಾರೀಖನ್ನು ಬದಲಿಸಲೂ ಬರುತ್ತದೆ. ಒಂದು ದಿನದ ಕೆಲಸಕ್ಕೆ ತಿಂಗಳುಗಟ್ಟಲೆ ಒಪ್ಪಿಗೆ ಯಾಕೆ ಕೊಡಬೇಕು? ಇಡೀ ವ್ಯವಹಾರದಲ್ಲಿ ಅತಿ ಮುಖ್ಯವಾದದ್ದು ಆ ತಾರೀಖಿನ ಸಾಲೇ ಎಂದು ನನಗನ್ನಿಸುತ್ತದೆ.

ಡಿಜಿಲಾಕರ್‌ನ ಎಪಿಐಯಲ್ಲಿ ಟೋಕನ್ ಕೊಡುವುದಕ್ಕೆ ಒಂದು ವಿಳಾಸವಿದ್ದಂತೆ ಅದನ್ನು ರದ್ದುಪಡಿಸುವುದಕ್ಕೂ ಒಂದು ವಿಳಾಸವಿದೆ. ಕೆಲಸ ಮುಗಿದ ಮೇಲೆ ಟೋಕನ್ನನ್ನು ಅಲ್ಲಿಗೆ ಕಳಿಸಿ ರದ್ದು ಮಾಡಿಸುವ ದಾರಿ ಎದುರಿನ ಸಂಸ್ಥೆಗೆ ತೆರೆದೇ ಇದೆ.

ಟೋಕನ್ ರದ್ದತಿಗೆ ಒಂದು ಅಂತರರಾಷ್ಟ್ರೀಯ ನಿಯಮಾವಳಿ ಇದೆ: 2013ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 7009. ಟೋಕನ್ ಕೊಡುವ ಕ್ರಮವನ್ನು ಹೇಳಿದ ಓಆತ್ 2.0 ಬಂದದ್ದು 2012ರ ಅಕ್ಟೋಬರ್‌ನಲ್ಲಿ. ಕೊಡುವ ಕ್ರಮ ಮೊದಲು, ಹಿಂಪಡೆಯುವ ಕ್ರಮ ಹತ್ತು ತಿಂಗಳ ನಂತರ!

ಆ ನಿಯಮದಲ್ಲೊಂದು ಸ್ವಾರಸ್ಯವಿದೆ. ಆಗಲೇ ಸತ್ತ ಟೋಕನ್ನನ್ನೋ ಅಸ್ತಿತ್ವದಲ್ಲೇ ಇಲ್ಲದ ಟೋಕನ್ನನ್ನೋ ರದ್ದು ಮಾಡಿ ಎಂದು ಕೇಳಿದರೂ ಸರ್ವರ್ 200 ಎಂದೇ ಉತ್ತರಿಸುತ್ತದೆ, ಅಂದರೆ ‘ಆಯಿತು’. ಕೇಳಿದವರಿಗೆ ಬೇಕಿದ್ದದ್ದು ಆ ಟೋಕನ್ ನಡೆಯಬಾರದು ಎಂದು. ಅದು ಹೇಗೂ ನಡೆಯುವುದಿಲ್ಲ. ಆದರೆ 503 ಎಂದು ಬಂದರೆ ಟೋಕನ್ ಇನ್ನೂ ಜೀವಂತವಿದೆ ಎಂದೇ ತಿಳಿದು, ತುಸು ಹೊತ್ತು ಬಿಟ್ಟು ಮತ್ತೆ ಕೇಳಬೇಕು. ಇನ್ನೊಬ್ಬರಿಗೆ ಕೊಟ್ಟ ಟೋಕನ್ನನ್ನು ನೀವು ರದ್ದು ಮಾಡಿಸಹೊರಟರೆ ಸರ್ವರ್ ಒಪ್ಪುವುದಿಲ್ಲ.

ರದ್ದಾದ ಟೋಕನ್ ಕೂಡ ಕೆಲವೊಮ್ಮೆ ಸ್ವಲ್ಪ ಹೊತ್ತು ನಡೆಯುತ್ತದೆ. ಜೆಡಬ್ಲ್ಯುಟಿ ಬಗೆಯ ಟೋಕನ್‌ನೊಳಗೇ ಸಹಿಯೂ ಮುಗಿಯುವ ಸಮಯವೂ ಇರುವುದರಿಂದ ಎದುರಿನ ಸರ್ವರ್ ಪ್ರತಿ ಸಲ ಕೊಟ್ಟವರನ್ನು ಕೇಳಲು ಹೋಗುವುದಿಲ್ಲ. ಅದಕ್ಕೇ ಬಲ್ಲವರು ಅವುಗಳ ಆಯುಸ್ಸನ್ನು ನಿಮಿಷಗಳಲ್ಲಿ ಇಡುತ್ತಾರೆ.

ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಸರಿಹೋಯಿತೇ? ಇಲ್ಲ. ಗೂಗಲ್‌ನಲ್ಲಿ ಪಾಸ್‌ವರ್ಡ್ ಬದಲಿಸಿದಾಗ ಜಿಮೇಲ್ ಓದುವ ಅನುಮತಿಯುಳ್ಳ ರಿಫ್ರೆಶ್ ಟೋಕನ್‌ಗಳು ರದ್ದಾಗುತ್ತವೆ. ಉಳಿದ ಅನುಮತಿಗಳ ವಿಷಯದಲ್ಲಿ ಆ ಭರವಸೆ ಇಲ್ಲ. ಖಾತೆಯ ಭದ್ರತೆ ವಿಭಾಗದಲ್ಲಿ ಥರ್ಡ್ ಪಾರ್ಟಿ ಆ್ಯಪ್‌ಗಳ ಪಟ್ಟಿ ತೆರೆದು, ಬೇಡದ್ದನ್ನು ಒಂದೊಂದಾಗಿ ತೆಗೆಯಬೇಕು.

2018ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಒಂದೇ ಏಟಿಗೆ ಸುಮಾರು 9 ಕೋಟಿ ಖಾತೆಗಳ ಟೋಕನ್ ರದ್ದು ಮಾಡಿತು. ನಮ್ಮ ಪುಟ ಬೇರೆಯವರಿಗೆ ಹೇಗೆ ಕಾಣುತ್ತದೆ ಎಂದು ನೋಡುವ ಸೌಲಭ್ಯವೊಂದಿತ್ತು. ಅದರೊಳಗೆ ಹುಟ್ಟುಹಬ್ಬದ ವಿಡಿಯೊ ಹಾಕುವ ಪೆಟ್ಟಿಗೆ ತಪ್ಪಾಗಿ ತೆರೆದುಕೊಂಡು, ನೋಡುವವರ ಬದಲು ಆ ಬೇರೆಯವರದೇ ಟೋಕನ್ ಹುಟ್ಟಿಸುತ್ತಿತ್ತು. ಸುಮಾರು 3 ಕೋಟಿ ಜನರ ಟೋಕನ್ ಕಳವಾಗಿತ್ತು ಎಂದು ಕಂಪನಿಯೇ ಆಮೇಲೆ ಹೇಳಿತು. ಪಾಸ್‌ವರ್ಡ್ ಒಂದೂ ಹೋಗಿರಲಿಲ್ಲ.

ವಾಟ್ಸ್‌ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ ಪಟ್ಟಿ ತೆರೆದು ನೋಡಿ. ಹಿಂದೊಮ್ಮೆ ನೀವು ವಾಟ್ಸ್‌ಆ್ಯಪ್ ತೆರೆದಿದ್ದ ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ಇನ್ನೂ ಅಲ್ಲೇ ಇದ್ದರೆ ಈಗಲೇ ಲಾಗ್‌ಔಟ್ ಮಾಡಿ. ನಿಮ್ಮ ಮುಖ್ಯ ಫೋನನ್ನು 14 ದಿನಕ್ಕಿಂತ ಹೆಚ್ಚು ಕಾಲ ಬಳಸದಿದ್ದರೆ ಆ ಕೊಂಡಿ ತಾನಾಗಿ ಕಡಿಯುತ್ತದೆ.

ಯುಪಿಐ ಆಟೋಪೇ ಕೂಡ ಹಾಗೆಯೇ: ಸಿನಿಮಾ ಆ್ಯಪ್ ಅಳಿಸಿದರೂ ಹಣ ಕಡಿತಕ್ಕೆ ನೀವು ಕೊಟ್ಟ ಮ್ಯಾಂಡೇಟ್ ರದ್ದಾಗುವವರೆಗೆ ಅದು ಹೋಗುತ್ತಲೇ ಇರಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೇ ಕಲಂ ಹೇಳುವುದು ಇದನ್ನೇ: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು. ಆದರೆ ಹಿಂಪಡೆಯುವ ಮೊದಲು ನಡೆದ ಬಳಕೆ ಅದರಿಂದ ಕಾನೂನುಬಾಹಿರವಾಗುವುದಿಲ್ಲ.

ರದ್ದು ಮಾಡಲಾಗದ ಟೋಕನ್ ಒಂದಿದೆ, ಅದು ಹೆಬ್ಬೆರಳು. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ, ಆದರೂ ಹಳ್ಳಿಯ ಎಷ್ಟೋ ಹಿರಿಯರಿಗೆ ಬ್ಯಾಂಕ್ ಅಂದರೆ ಬ್ಯಾಂಕ್ ಮಿತ್ರರ ಕೈಯಲ್ಲಿರುವ ಬೆರಳಚ್ಚಿನ ಯಂತ್ರ. 2023ರಲ್ಲಿ ಮಂಗಳೂರು ಕಡೆ ಬೆರಳಚ್ಚು ಕೊಟ್ಟು ಆಸ್ತಿ ನೋಂದಣಿ ಮಾಡಿಸಿದ್ದವರ ಖಾತೆಗಳಿಂದ ಆಧಾರ್ ಪಾವತಿ ವ್ಯವಸ್ಥೆಯ ಮೂಲಕವೇ ಹಣ ಹೋದ ದೂರುಗಳು ಸಾಲಾಗಿ ಬಂದವು. ಪಾಸ್‌ವರ್ಡ್ ಬದಲಿಸಬಹುದು, ಬೆರಳು ಬದಲಿಸಲಾದೀತೇ?

ಆದರೆ ಬೀಗ ಹಾಕಬಹುದು. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿದರೆ ಬೆರಳಿಟ್ಟರೂ ದೃಢೀಕರಣ ಆಗುವುದಿಲ್ಲ. ಪಿಂಚಣಿ ತೆಗೆಯುವ ದಿನ ತಾತ್ಕಾಲಿಕವಾಗಿ ತೆರೆದರೆ 10 ನಿಮಿಷದ ನಂತರ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆಧಾರ್ ಸಂಖ್ಯೆಯ ಬದಲು ಕೊಡಬಹುದಾದ 16 ಅಂಕಿಗಳ ವರ್ಚುವಲ್ ಐಡಿ 2018ರಿಂದ ಇದೆ. ಹೊಸದನ್ನು ಪಡೆದ ಕ್ಷಣದಲ್ಲೇ ಹಳೆಯದು ರದ್ದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು, ಅಷ್ಟೇ. ಸಂದೇಹವಿದ್ದರೆ 1947ಕ್ಕೆ ಕರೆ ಮಾಡಿ, ಉಚಿತ.