ಜೇನು ಮಾರುವುದಕ್ಕೊಂದು ಲಾಳಿಕೆ



ಅಡಿಕೆ ಬೆಳೆದವರು ಮಾರಾಟದ ದಾರಿಯನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ಶಿವಮೊಗ್ಗೆಯಲ್ಲಿ 1939ರಲ್ಲಿ ಹುಟ್ಟಿದ ಮ್ಯಾಮ್‌ಕೋಸ್ ಸಹಕಾರ ಸಂಘ ಉಂಟು. 1973ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಕ್ಯಾಂಪ್ಕೊ ಉಂಟು. ಮೂಟೆ ಒಯ್ದರೆ ತೂಗುವವರಿದ್ದಾರೆ, ದರ ಹೇಳುವವರಿದ್ದಾರೆ. ಅಡಿಕೆ ತಿನ್ನುವವನ ಮುಖ ನೋಡುವ ಪ್ರಸಂಗವೇ ನಮಗೆ ಬರುವುದಿಲ್ಲ.

ಆದರೆ ಹಳದಿ ಎಲೆ ರೋಗವೂ, ಅದರ ಮೇಲೆ ಎಲೆಚುಕ್ಕೆ ರೋಗವೂ ನಮ್ಮ ನರಸಿಂಹರಾಜಪುರ, ಕೊಪ್ಪ, ಶೃಂಗೇರಿ ಸೀಮೆಯ ತೋಟಗಳಿಗೆ ಮಾಡಿರುವ ಹಾನಿ ನಿಮಗೆ ತಿಳಿದೇ ಇದೆ. ಅಡಿಕೆಯೊಂದನ್ನೇ ನಂಬಿ ಸಂಸಾರ ತೂಗಿಸುವುದು ಕಷ್ಟವೆಂದು ಕಂಡ ಕೆಲವರು ಹಿತ್ತಿಲಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದಾರೆ. ಜೇನೇನೋ ಬರುತ್ತದೆ. ಮಾರುವುದು ಹ್ಯಾಗೆ? ಕೇಳಿ ಬಂದ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುವುದೇ ಹೆಚ್ಚು. ಇದಕ್ಕೆ ಬೇರೆ ದಾರಿ ಇದೆಯೇ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ.

ಶೀಸೆಗೆ ಜೇನು ತುಂಬುವಾಗ ಲಾಳಿಕೆ ಇಡುತ್ತೀರಲ್ಲವೇ? ಮೇಲೆ ಬಾಯಿ ಅಗಲ, ಕೆಳಗೆ ಕೊಳವೆ ಸಣ್ಣದು. ಮಾರಾಟವೂ ಹಾಗೆಯೇ. ಬಹಳ ಜನ ನಿಮ್ಮ ಜೇನನ್ನು ನೋಡುತ್ತಾರೆ, ಕೆಲವರು ವಿಚಾರಿಸುತ್ತಾರೆ, ಇನ್ನೂ ಕೆಲವರು ಕೊಳ್ಳುತ್ತಾರೆ, ಕೊಂಡವರಲ್ಲಿ ಒಂದಿಷ್ಟು ಮಂದಿ ಮತ್ತೆ ಬರುತ್ತಾರೆ. ನೋಡಿದವರೆಲ್ಲ ಕೊಳ್ಳಲಿಲ್ಲವೆಂದು ಬೇಸರ ಬೇಡ. ನೂಕಿ ಸುರಿದರೆ ಲಾಳಿಕೆ ಉಕ್ಕಿ ಜೇನು ನೆಲದ ಪಾಲಾಗುತ್ತದೆ. ಗಿರಾಕಿಯನ್ನು ಒತ್ತಾಯ ಮಾಡಿದರೂ ಅಷ್ಟೇ.

ಮೊದಲನೆಯದು, ಲಾಳಿಕೆಯ ಬಾಯಿ. ಅಂದರೆ ಜನರ ಕಣ್ಣಿಗೆ ಬೀಳುವುದು. ನಮ್ಮ ತಾಲ್ಲೂಕಿಗೆ ಜನ ಬಾರದೆ ಇಲ್ಲ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಗೆ ಬರುತ್ತಾರೆ, ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ಬರುತ್ತಾರೆ, ಶೃಂಗೇರಿಗೆ ಹೋಗುವವರು ಹಾಯುತ್ತಾರೆ, ಭದ್ರಾ ಹಿನ್ನೀರು ನೋಡಲು ಬರುತ್ತಾರೆ. ರಸ್ತೆಯ ಬದಿಯ ಮನೆಯಾದರೆ ದೊಡ್ಡಕ್ಷರದ ಒಂದು ಹಲಗೆ ಸಾಕು: ‘ನಮ್ಮ ಪೆಟ್ಟಿಗೆಯ ತುಡುವೆ ಜೇನು. ಕಾಲು ಕಿಲೋ ಇಷ್ಟು ರೂಪಾಯಿ.’ ಬೆಲೆ ಬರೆಯಲೇಬೇಕು. ಬೆಲೆ ಕಾಣದ ಕಡೆ ಗಾಡಿ ನಿಲ್ಲಿಸಲು ಜನ ಹಿಂಜರಿಯುತ್ತಾರೆ. ಮನೆ ಒಳಗಿದ್ದರೆ ರಸ್ತೆಯ ಅಂಗಡಿಯವರಲ್ಲಿ ನಾಲ್ಕು ಶೀಸೆ ಇಡಿಸಿ, ಅವರಿಗೆ ನ್ಯಾಯವಾದ ಕಮಿಷನ್ ಕೊಡಿ.

ಎರಡನೆಯದು, ನಂಬಿಕೆ. ಬಂದವನ ಮೊದಲ ಪ್ರಶ್ನೆ, ‘ಇದು ಅಸಲಿಯೋ?’ ಎಂದು. ನೀರಿಗೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು ಮುಂತಾದ ಆಟ ತೋರಿಸಬೇಡಿ. ಅವುಗಳಿಂದ ಕಲಬೆರಕೆಯನ್ನು ಖಚಿತವಾಗಿ ಹೇಳಲಾಗದು. ಅದರ ಬದಲು ಒಂದು ಚಮಚ ರುಚಿಗೆ ಕೊಡಿ, ಪೆಟ್ಟಿಗೆ ತೋರಿಸಿ, ತೆಗೆದ ತಿಂಗಳು ಹೇಳಿ. ಜೇನು ಗಟ್ಟಿಯಾಗಿ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದು ಪೇಟೆಯವರು ತಿಳಿಯುತ್ತಾರೆ. ಶುದ್ಧ ಜೇನೂ ಹರಳುಗಟ್ಟುವುದುಂಟು; ಶೀಸೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ, ಕುದಿಸಬಾರದು. ಈ ಮಾತನ್ನು ಅವರು ಕೇಳುವ ಮುಂಚೆಯೇ ಹೇಳಿಬಿಡಿ. ಆಮೇಲೆ ಹೇಳಿದರೆ ಅದು ನೆವವಾಗಿ ಕೇಳಿಸುತ್ತದೆ.

ಇನ್ನೊಂದು ಮುಖ್ಯ ಸಂಗತಿ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ವೈದ್ಯರು ಹೇಳುತ್ತಾರೆ. ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜ ಎಳೆಯ ಕರುಳಿನಲ್ಲಿ ವಿಷ ಹುಟ್ಟಿಸಬಲ್ಲದು. ಗಿರಾಕಿ ‘ಬಾಣಂತಿ ಮನೆಗೆ, ಮಗುವಿಗೆ ಬೇಕು’ ಎಂದರೆ ‘ದೊಡ್ಡವರಿಗೆ ಒಯ್ಯಿರಿ, ಕೂಸಿಗೆ ಬೇಡ’ ಎಂದು ಹೇಳಿ ಕಳಿಸಿ. ಒಂದು ಶೀಸೆಯ ವ್ಯಾಪಾರ ಹೋದರೆ ಹೋಗಲಿ. ಕೂಸಿನ ಜೀವಕ್ಕಿಂತ ಅದು ದೊಡ್ಡದಲ್ಲ.

ಮೂರನೆಯದು, ಕೊಳ್ಳುವುದನ್ನು ಹಗುರ ಮಾಡುವುದು. ಹೊಸಬ ಮೊದಲ ಸಲವೇ ಒಂದು ಕಿಲೋ ಒಯ್ಯುವುದಿಲ್ಲ. ಕಾಲು ಕಿಲೋ, ಅರ್ಧ ಕಿಲೋ ಶೀಸೆಗಳೂ ಇರಲಿ. ಜೇನು ನೀರಿಗಿಂತ ತೂಕ. ಒಂದು ಲೀಟರ್ ನೀರು ಹಿಡಿಯುವ ಶೀಸೆಯಲ್ಲಿ ಸುಮಾರು 1.4 ಕಿಲೋ ಜೇನು ಹಿಡಿಯುತ್ತದೆ. ಆದುದರಿಂದ ಲೀಟರಿನ ಲೆಕ್ಕ, ಕಿಲೋ ಲೆಕ್ಕ ಬೆರೆಸದೆ ತೂಗಿಯೇ ಮಾರತಕ್ಕದ್ದು. ಚೀಟಿಯಲ್ಲಿ ಪದಾರ್ಥದ ಹೆಸರು, ನಿವ್ವಳ ತೂಕ, ತುಂಬಿದ ದಿನ, ಎಂದಿನವರೆಗೆ ಬಳಸಬಹುದೆಂಬುದು, ಬೆಲೆ, ನಿಮ್ಮ ಹೆಸರು, ಊರು, ಫೋನ್ ನಂಬರು ಇರಲಿ. 2006ರ ಆಹಾರ ಸುರಕ್ಷತಾ ಕಾಯಿದೆಯಂತೆ ಸಣ್ಣ ಉತ್ಪಾದಕರಿಗೂ ನೋಂದಣಿ ಉಂಟು. ಅದನ್ನು ಮಾಡಿಸಿ, ಆ ಸಂಖ್ಯೆಯನ್ನೂ ಮುದ್ರಿಸಿ. ಚಿಲ್ಲರೆ ಇಟ್ಟುಕೊಳ್ಳಿ, ಫೋನಿನಲ್ಲಿ ಹಣ ಹಾಕುವವರಿಗೆ ಯು.ಪಿ.ಐ. ಚೀಟಿಯನ್ನೂ ಗೋಡೆಗೆ ಅಂಟಿಸಿ.

ನಾಲ್ಕನೆಯದು, ಮರಳಿ ಬರುವುದು. ಇಲ್ಲಿಯೇ ನಿಜವಾದ ಲಾಭ. ಹೊಸ ಗಿರಾಕಿಗೆ ಹಲಗೆ ಬೇಕು, ರುಚಿ ಬೇಕು, ಅರ್ಧ ಗಂಟೆಯ ಮಾತು ಬೇಕು. ಹಳೆಯವರು ಒಂದು ಫೋನ್ ಮಾಡಿ ಎರಡು ಕಿಲೋ ಹೇಳುತ್ತಾರೆ. ಕೊಂಡವರನ್ನು, ‘ಮುಂದಿನ ಜೇನು ತೆಗೆದಾಗ ತಿಳಿಸಲೇ?’ ಎಂದು ಕೇಳಿ. ಹೂಂ ಅಂದವರ ನಂಬರು ಮಾತ್ರ ಬರೆದುಕೊಳ್ಳಿ. ಸುಗ್ಗಿಗೊಮ್ಮೆ ವಾಟ್ಸಾಪಿನಲ್ಲಿ ಒಂದೇ ಸುದ್ದಿ ಕಳಿಸಿ. ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿದರೆ ಜೇನಿನ ಸುದ್ದಿಯನ್ನೂ ಓದದೆ ಅಳಿಸಿಬಿಡುತ್ತಾರೆ. ಶೀಸೆ ಸೋರಿತು, ಜೇನು ಹುಳಿಯಾಯಿತು ಎಂದು ಯಾರಾದರೂ ದೂರಿದರೆ ವಾದಕ್ಕೆ ನಿಲ್ಲದೆ ಬೇರೆ ಕೊಡಿ. ಮೇಣ ಮುಚ್ಚದ ಹಸಿ ಎರಿಯಿಂದ ತೆಗೆದ ಜೇನಿನಲ್ಲಿ ನೀರಿನಂಶ ಹೆಚ್ಚಿ ಅದು ಹುಳಿಯುತ್ತದೆ. ದೂರು ಬಂದರೆ ಮೊದಲು ಅಲ್ಲಿ ನೋಡಿ.

ಇಷ್ಟು ಮಾಡಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಗೀಟು ಹಾಕಿ: ವಿಚಾರಿಸಿದವರು, ರುಚಿ ನೋಡಿದವರು, ಕೊಂಡವರು, ಮತ್ತೆ ಬಂದವರು. ದಿನವೂ ಗೀಟೆಳೆದರೆ ಸಾಕು. ಶಾಲೆಗೆ ಹೋಗುವ ಮಕ್ಕಳೂ ಮಾಡಬಲ್ಲರು. ಉದಾಹರಣೆಗೆ, ತಿಂಗಳಲ್ಲಿ 40 ಮಂದಿ ವಿಚಾರಿಸಿ, 30 ಮಂದಿ ರುಚಿ ನೋಡಿ, ಕೊಂಡವರು 4 ಮಂದಿ ಎಂದಿರಲಿ. ಸೋರುತ್ತಿರುವುದು ಎಲ್ಲಿ? ರುಚಿಗೂ ಕೊಳ್ಳುವುದಕ್ಕೂ ನಡುವೆ. ಹಲಗೆ ದೊಡ್ಡದು ಮಾಡಿ ಪ್ರಯೋಜನವಿಲ್ಲ. ಬೆಲೆಯನ್ನೂ ಶೀಸೆಯ ಅಳತೆಯನ್ನೂ ನೋಡಬೇಕು. ಕೊಂಡವರು 20 ಇದ್ದು ಮರಳಿದವರು ಒಬ್ಬರೂ ಇಲ್ಲದಿದ್ದರೆ, ಒಳಗಿನ ಜೇನನ್ನೇ ಪರೀಕ್ಷಿಸಬೇಕು. ಒಂದು ಸಲಕ್ಕೆ ಒಂದೇ ತೂತು ಮುಚ್ಚಿ, ಮುಂದಿನ ತಿಂಗಳ ಗೀಟು ನೋಡಿ.

ಕಡೆಯದಾಗಿ ಒಂದು ಎಚ್ಚರಿಕೆ. ನಿಮ್ಮ ಜೇನು ಮುಗಿದಾಗ ‘ಮುಗಿಯಿತು, ಮುಂದಿನ ಸುಗ್ಗಿಗೆ ಬನ್ನಿ’ ಎನ್ನಿ. ಗಿರಾಕಿ ಬಂದನಲ್ಲಾ ಎಂದು ಪೇಟೆಯ ಶೀಸೆಗೆ ನಿಮ್ಮ ಚೀಟಿ ಅಂಟಿಸಬೇಡಿ. ವರುಷಗಟ್ಟಲೆ ಕಟ್ಟಿದ ನಂಬಿಕೆ ಒಂದೇ ಶೀಸೆಗೆ ಒಡೆದುಹೋಗುತ್ತದೆ, ಪಕ್ಕದ ಮನೆಯ ಜೇನಿಗೂ ಕೆಟ್ಟ ಹೆಸರು ಬರುತ್ತದೆ.

ಪೆಟ್ಟಿಗೆ ಇಡುವ, ಕುಟುಂಬ ಪಾಲು ಮಾಡುವ ವಿಷಯವಾಗಿ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು. ಮಾರಾಟದ ನೋಟ್‌ಬುಕ್ಕನ್ನು ಮಾತ್ರ ನೀವೇ ಮನೆಯಲ್ಲಿ ಇಂದೇ ತೆರೆಯಿರಿ.