ತುತ್ತು ಇಳಿಯದ ಕೂಸು

ಕಾಸರಗೋಡಿನ ಒಂದು ಮನೆಯಲ್ಲಿ ಕಂಡ ಊಟದ ಹೊತ್ತು ನಮ್ಮ ಮನಸ್ಸಿನಿಂದ ಮಾಸಿಲ್ಲ. ನಾಲ್ಕು ವರ್ಷದ ಮೊಮ್ಮಗನನ್ನು ಅಜ್ಜಿ ಕಾಲ ಮೇಲೆ ಅಂಗಾತ ಮಲಗಿಸಿ, ಒಳಲೆಯಿಂದ ಗಂಜಿ ಹೊಯ್ಯುತ್ತಿದ್ದರು. ಮಗು ಕೆಮ್ಮಿತು, ಕಣ್ಣು ತುಂಬಿ ಬಂತು. "ಎಂಥ ಹಟಮಾರಿ ಕೂಸು!" ಎಂದರು ಅಜ್ಜಿ. ಗಂಟೆ ಕಳೆದರೂ ಬಟ್ಟಲು ಬರಿದಾಗಲಿಲ್ಲ. ಅಜ್ಜಿಯ ಅಕ್ಕರೆಗೆ ಕೊರತೆಯಿರಲಿಲ್ಲ. ಮಗುವಿಗೆ ಹಟವೂ ಇರಲಿಲ್ಲ. ಅದಕ್ಕೆ ನುಂಗಲು ಬರುತ್ತಿರಲಿಲ್ಲ, ಅಷ್ಟೆ.

ಅನ್ನನಾಳ, ಶ್ವಾಸನಾಳಗಳು ನೆರೆಹೊರೆಯವು. ತುತ್ತು ಇಳಿಯುವ ಕ್ಷಣದಲ್ಲಿ ಉಸಿರು ನಿಂತು, ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳಬೇಕು. ಸೆರೆಬ್ರಲ್ ಪಾಲ್ಸಿ ಎಂಬ ಮೆದುಳಿನ ತೊಂದರೆಯುಳ್ಳ ಮಕ್ಕಳಲ್ಲಿ ಈ ಹೊಂದಾಣಿಕೆ ತಪ್ಪುವುದುಂಟು. ಆಗ ಆಹಾರ ಶ್ವಾಸಕೋಶವನ್ನು ಸೇರಿ ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ. ಕೆಲವು ಮಕ್ಕಳು ಕೆಮ್ಮುವುದೂ ಇಲ್ಲ. ಊಟದ ನಡುವೆ ಗೊರಗೊರ ಸದ್ದು, ಪದೇ ಪದೇ ಕಫಜ್ವರ, ಏರದ ತೂಕ, ಅರ್ಧ ಗಂಟೆ ಮೀರಿದರೂ ಮುಗಿಯದ ಊಟ, ಇವು ಎಚ್ಚರಿಕೆಯ ಚಿಹ್ನೆಗಳು.

ಇಂಥ ಮಗುವನ್ನು ಮಲಗಿಸಿ ಉಣಿಸಲೇಬಾರದು. ಮೂಗು ಹಿಡಿದು ಬಾಯಿಗೆ ಸುರಿಯಲಂತೂ ಕೂಡದು. ಬೆನ್ನಿಗೆ ಆಸರೆ ಕೊಟ್ಟು ನೆಟ್ಟಗೆ ಕೂರಿಸಿ, ತಲೆ ಹಿಂದಕ್ಕೆ ವಾಲದಂತೆ ನೋಡಿಕೊಳ್ಳಬೇಕು. ನಾವೂ ಎದುರಿಗೆ, ಮಗುವಿನ ಕಣ್ಣಿನ ಮಟ್ಟಕ್ಕೇ ಕುಳಿತು, ಚಿಕ್ಕ ಚಮಚದಿಂದ ಉಣಿಸಬೇಕು. ಬಾಯಿ ಬರಿದಾದ ಮೇಲೆಯೇ ಮುಂದಿನ ತುತ್ತು. ಉಂಡ ಬಳಿಕವೂ ಅರ್ಧ ಗಂಟೆ ಮಲಗಿಸದಿರುವುದು ಒಳಿತು. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ತಿಳಿಯೂ ಅಗುಳೂ ಬೇರೆ ಬೇರೆ; ಅನೇಕ ಮಕ್ಕಳಿಗೆ ಇಂಥ ಬೆರಕೆಯೇ ಕಠಿಣ. ನುಣ್ಣಗೆ ಅರೆದರೆ, ಇಲ್ಲವೆ ರಾಗಿ ಮಣ್ಣಿಯ ಹದಕ್ಕೆ ತಂದರೆ ಸುಲಭವಾಗಬಹುದು. ಆದರೆ ಯಾವ ಹದ ಯಾವ ಮಗುವಿಗೆಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು. ವೈದ್ಯರ ಜೊತೆಗೆ ವಾಕ್ ಚಿಕಿತ್ಸಕರೂ ಇದನ್ನು ಬಲ್ಲವರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಕೆಲವರಿಗೆ ನಳಿಕೆಯ ಮೂಲಕ ಆಹಾರ ನೀಡಬೇಕಾದೀತು. ಅದು ತಾಯಿಯ ಸೋಲಲ್ಲ.

2000ದವರೆಗೂ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂತಹ ಊರುಗಳಲ್ಲಿ, ಬೆಳೆದ ಮಕ್ಕಳಿಗೂ ಕೈತುತ್ತು ನೀಡುವ ತಾಯಂದಿರನ್ನು ನಮ್ಮ ಗಡಿನಾಡು ಬಲ್ಲದು. ಅವರಿಗೆ ಬೇಕಾದುದು ಬರಿಯ ಮರುಕವಲ್ಲ, ಈ ತಿಳಿವಳಿಕೆ. ಮತ್ತು ದಿನಕ್ಕೊಮ್ಮೆಯಾದರೂ ಆ ಚಮಚ ಹಿಡಿಯುವ ಇನ್ನೊಂದು ಕೈ.

ಚಿಕಿತ್ಸಕರ ಸಲಹೆ ದೊರೆತ ಮೇಲೆ ಆ ಮನೆಗೆ ಮತ್ತೆ ಹೋಗಿದ್ದೆವು. ಮೊಮ್ಮಗ ದಿಂಬಿಗೊರಗಿ ಕುಳಿತಿದ್ದ. ಬಟ್ಟಲು ಅಂದೂ ಪೂರ್ತಿ ಬರಿದಾಗಲಿಲ್ಲ. ಆದರೆ ಕೆಮ್ಮು ಕೇಳಿಸಲಿಲ್ಲ. ಹಟಮಾರಿ ಎಂಬ ಮಾತೂ ಕೇಳಿಸಲಿಲ್ಲ.